ಅವತಾರದ ಅಂಗಿಗೆ ಸುಕ್ಕು ಎಲ್ಲಿಂದ ಬರ್ತದೆ?

ಕಾಸರಗೋಡಿನ ಬದಿಯಡ್ಕದಲ್ಲಿ ಕೂತು ಆನ್‌ಲೈನ್ ಗೇಮಿನ ಅವತಾರಗಳಿಗೆ (ಆಡುವವನ ಬದಲಿಗೆ ಪರದೆಯಲ್ಲಿ ಓಡಾಡುವ ಗೊಂಬೆಗಳಿಗೆ) ಬಟ್ಟೆ ಮಾಡ್ತೇನೆ ಅಂದ್ರೆ ನೆಂಟರು ಟೈಲರಾ ಅಂತ ಕೇಳ್ತಾರೆ, ಒಂದು ಲೆಕ್ಕದಲ್ಲಿ ಟೈಲರೇ, ಸೂಜಿ ನೂಲಿನ ಬದಲು ಫೋಟೋಶಾಪು, ಬ್ಲೆಂಡರು ಅನ್ನುವ ತ್ರೀಡಿ ಸಾಫ್ಟ್‌ವೇರು ಮತ್ತೆ ಒಂದು ಹಳೇ ಪೆನ್ ಟ್ಯಾಬ್ಲೆಟ್ಟು ಅಷ್ಟೆ. ಈಗ ಊರಿನ ಮಕ್ಕಳೂ ರೋಬ್ಲಾಕ್ಸ್ ಅನ್ನುವ ಆನ್‌ಲೈನ್ ಗೇಮಿಗೆ ಶರ್ಟ್ ಮಾಡಿ ನನಗೆ ಕಳಿಸ್ತಾರೆ, ನೋಡಿ ಹೇಳಿ ಅಂತ. ಹೆಚ್ಚಿನವು ಒಂದೇ ಥರ: ಬಣ್ಣ ತುಂಬಿಸಿದ್ದಾರೆ, ಆಮೇಲೆ ಕಪ್ಪು ಬ್ರಷ್ ಹಿಡಿದು ಇಲ್ಲೊಂದು ಅಲ್ಲೊಂದು ಗೆರೆ ಎಳೆದಿದ್ದಾರೆ. ಇದೆಂತ ಮಾರಾಯ, ವಾರ ಇಡೀ ಬಕೆಟಿನಲ್ಲಿ ಬಿದ್ದ ಅಂಗಿಯಾ ಅಂತ ಕೇಳಿದ್ರೆ, "ಸುಕ್ಕು ಬೇಕಲ್ವಾ ಅಣ್ಣಾ" ಅಂತಾರೆ.

ಸುಕ್ಕು ಬೇಕು, ಆದ್ರೆ ಅದು ಸುಮ್ಮನೆ ಬರುವುದಿಲ್ಲ. ಬಟ್ಟೆಯನ್ನು ಎಲ್ಲೋ ಒಂದು ಕಡೆ ಯಾರೋ ಹಿಡಿದಿರ್ತಾರೆ, ಭುಜವೋ ಗುಂಡಿಯೋ ಸೊಂಟದ ಬೆಲ್ಟೋ, ಉಳಿದದ್ದು ಅಲ್ಲಿಂದ ಕೆಳಗೆ ಜಾರ್ತದೆ. ಬೈರಾಸು (ಟವೆಲ್) ಒಂದು ತಕ್ಕೊಂಡು ಗೋಡೆಯ ಒಂದೇ ಮೊಳೆಗೆ ನೇತು ಹಾಕಿ ನೋಡಿ, ಮಡಿಕೆಗಳೆಲ್ಲ ಆ ಮೊಳೆಯಿಂದಲೇ ಹೊರಟು ಕೆಳಗೆ ಅಗಲ ಆಗ್ತಾ ಹೋಗ್ತವೆ. ಅದನ್ನೇ ಎರಡು ಮೊಳೆಗೆ ಕಟ್ಟಿದ್ರೆ ನಡುವಿನಲ್ಲಿ ತೊಟ್ಟಿಲಿನ ಹಾಗೆ ಜೋಲುವ ಮಡಿಕೆ. ತೋಳು ಮಡಚಿದಾಗ ಮೊಣಕೈಯ ಒಳಬದಿಯಲ್ಲಿ ಬಟ್ಟೆ ಒತ್ತಿ ಅಡ್ಡಾದಿಡ್ಡಿ ಮಡಿಕೆ, ಹೊರಬದಿಯಲ್ಲಿ ಎಳೆದು ನುಣ್ಣಗೆ. ಇಷ್ಟು ಕಣ್ಣಿಗೆ ಹಿಡಿದ್ರೆ ಅರ್ಧ ಕೆಲಸ ಮುಗೀತು. ನಾನು ಈಗಲೂ ಹೊಸ ಶರ್ಟ್ ಶುರು ಮಾಡುವಾಗ ಮೊದಲು ಕೆಂಪು ಚುಕ್ಕೆ ಇಟ್ಟುಕೊಳ್ತೇನೆ, ಹಿಡಿತ ಎಲ್ಲೆಲ್ಲಿ ಉಂಟು ಅಂತ, ಆಮೇಲೆಯೇ ಬ್ರಷ್.

ಇನ್ನು ನೆರಳು. ಬಣ್ಣದ ಮೇಲೆ ಇನ್ನೊಂದು ಲೇಯರ್ ಇಟ್ಟು ಅದನ್ನು ಮಲ್ಟಿಪ್ಲೈ ಅನ್ನುವ, ಕೆಳಗಿನ ಬಣ್ಣವನ್ನು ಗಾಢ ಮಾಡುವ ಮೋಡ್‌ಗೆ ಹಾಕ್ತೇವಲ್ಲ, ಅದರ ಲೆಕ್ಕ ಸುಲಭ: ಕಪ್ಪಿಗೆ 0, ಬಿಳಿಗೆ 255 ಅಂತ ಪ್ರತಿ ಬಣ್ಣಕ್ಕೂ ಒಂದು ಅಂಕೆ ಇರ್ತದೆ, ಎರಡೂ ಲೇಯರಿನ ಅಂಕೆಯನ್ನು ಗುಣಿಸಿ 255ರಿಂದ ಭಾಗಿಸುವುದು. ಬಟ್ಟೆ 200, ನೆರಳು 128 ಇದ್ರೆ ಸಿಗುವುದು ಸುಮಾರು 100. ಬಿಳಿ, ಹೇಳಿದ್ರೆ 255, ಇಟ್ಟರೆ ಏನೂ ಬದಲಾಗುವುದಿಲ್ಲ. ಹಾಗಾಗಿ ಕಪ್ಪು ಬಟ್ಟೆಯ ಮೇಲೆ ಮಲ್ಟಿಪ್ಲೈ ಇಟ್ಟು ಗಂಟೆಗಟ್ಟಲೆ ಉಜ್ಜಿದ್ರೂ ಪ್ರಯೋಜನ ಇಲ್ಲ, ಸೊನ್ನೆಗೆ ಎಷ್ಟು ಗುಣಿಸಿದ್ರೂ ಸೊನ್ನೆಯೇ. ಕಪ್ಪಿನ ತಳವನ್ನು 30ರ ಹತ್ರ ಇಟ್ಟು, ಬಣ್ಣವನ್ನು ತಿಳಿ ಮಾಡುವ ಸ್ಕ್ರೀನ್ ಲೇಯರಿನಲ್ಲಿ ಮಡಿಕೆಯ ನೆತ್ತಿಗೆ ಸ್ವಲ್ಪ ಬೆಳಕು ಕೊಡಿ, ಕಪ್ಪು ಬಟ್ಟೆ ಎದ್ದು ಕಾಣುವುದು ಬೆಳಕಿನಿಂದ.

ನೆರಳಿಗೆ ಕಪ್ಪೇ ಯಾಕೆ ಬೇಡ ಅಂತ ನನಗೆ ಅರ್ಥ ಆದದ್ದು ಮನೆಯ ಅಂಗಳದಲ್ಲಿ. ಅಪ್ಪ ಬಿಳಿ ಮುಂಡು ಎತ್ತಿ ಕಟ್ಟಿಕೊಂಡು ಅಡಿಕೆ ಹರಡ್ತಾ ಇದ್ರು, ನೋಡಿದ್ರೆ ಮುಂಡಿನ ಮಡಿಕೆಯ ಒಳಗೆ ಕಪ್ಪು ಎಲ್ಲಿಯೂ ಇಲ್ಲ, ಆಕಾಶದ ಕಡೆ ಇರುವ ನೆರಳು ನೀಲಿ ಬೂದು, ಕೆಳಗಿನ ಅಂಚಿನಲ್ಲಿ ಕೆಂಪು ಮುರಕಲ್ಲಿನ ನೆಲದಿಂದ ತಿರುಗಿ ಬಂದ ಒಂದು ಕೆಂಪು ಛಾಯೆ. ಅವತ್ತಿಂದ ಬಿಳಿ ಬಟ್ಟೆಗೆ ತಣ್ಣನೆಯ ಬೂದು, ಕೆಂಪಿಗೆ ಗಾಢ ಕುಂಕುಮ, ಹಳದಿಗೆ ಕಂದು, ಕಪ್ಪು ಬ್ರಷ್ ಮುಟ್ಟುವುದೇ ಇಲ್ಲ.

ಹಾಗೆಯೇ ಮಡಿಕೆಯ ಎರಡೂ ಬದಿ ಒಂದೇ ಥರ ಮಬ್ಬು ಮಾಡ್ಬೇಡಿ. ಒಂದು ಬದಿ ಚೂಪು, ಇನ್ನೊಂದು ಬದಿ ಮೆಲ್ಲಗೆ ಕರಗಬೇಕು, ಎರಡೂ ಕರಗಿದ್ರೆ ಪ್ಲಾಸ್ಟಿಕ್ ಪೈಪಿನ ಹಾಗೆ ಕಾಣ್ತದೆ. ಗಂಜಿ ಹಾಕಿದ ಹತ್ತಿಯಲ್ಲಿ, ನಮ್ಮ ಕಾಸರಗೋಡು ಸೀರೆ ಉಟ್ಟದ್ದನ್ನೇ ನೋಡಿ, ನೆರಿಗೆ ಕೋನ ಕೋನವಾಗಿ ನಿಲ್ತದೆ, ಹೊಳಪು ಕಡಿಮೆ. ರೇಷ್ಮೆಯಲ್ಲಿ ಮಡಿಕೆ ಹರಿಯುವ ಹಾಗೆ, ನೆತ್ತಿಯಲ್ಲಿ ತೆಳು ಬಿಳಿ ಗೆರೆ. ಜೀನ್ಸಿನಲ್ಲಿ ಸುಕ್ಕು ಕಡಿಮೆ, ಇದ್ದದ್ದು ದಪ್ಪ, ತೊಡೆಯ ಬುಡ ಮತ್ತೆ ಮೊಣಕಾಲಿನ ಹಿಂದೆ.

ರೋಬ್ಲಾಕ್ಸಿನ ಹಳೇ ರೀತಿಯ ಶರ್ಟಿನ ಟೆಂಪ್ಲೇಟ್, ಹೇಳಿದ್ರೆ ಅಂಗಿಯ ಎಲ್ಲ ಬದಿಯನ್ನು ಬಿಡಿಸುವ ಚಪ್ಪಟೆ ಚಿತ್ರ, ಒಟ್ಟು 585×559 ಪಿಕ್ಸೆಲ್, ಅದರಲ್ಲಿ ಎದೆಯ ಭಾಗಕ್ಕೆ ಸಿಗುವುದು 128×128, ತೋಳಿನ ಒಂದೊಂದು ಬದಿಗೆ 64×128. ಅಷ್ಟು ಸಣ್ಣ ಜಾಗದಲ್ಲಿ ಕೂದಲಿನಂಥ ಸುಕ್ಕು ಬಿಡಿಸಿದ್ರೆ ಧೂಳು ಬಿದ್ದ ಹಾಗೆ ಕಾಣುವುದು, ಐದಾರು ದೊಡ್ಡ ಮಡಿಕೆ ಸಾಕು. ಎದುರಿನ ಬದಿಯ ಮಡಿಕೆ ಪಕ್ಕದ ಬದಿಗೆ ದಾಟುವ ಕಡೆ ಎರಡೂ ಒಂದೇ ಎತ್ತರದಲ್ಲಿ ಸೇರಬೇಕು, ಇಲ್ಲದಿದ್ರೆ ಹೊಲಿಗೆ ಬಿಟ್ಟ ಅಂಗಿ. ಮತ್ತೆ ನೆರಳನ್ನು ಎಡಗಡೆಯಿಂದ ಬಿಸಿಲು ಬಂದ ಹಾಗೆ ಬಿಡಿಸಿಟ್ಟರೆ ಅವತಾರ ತಿರುಗಿ ನಿಂತಾಗ ಬಿಸಿಲೂ ಅದರ ಜೊತೆ ತಿರುಗ್ತದೆ, ನಗು ಬರ್ತದೆ. ಬೆಳಕು ಮೇಲಿಂದ ಅಂತ ಇಟ್ಟುಕೊಳ್ಳಿ, ಕಾಲರಿನ ಅಡಿ, ಕಂಕುಳು, ಗುಂಡಿಯ ಕೆಳಗೆ ಮಾತ್ರ ಗಾಢ. ಅಲ್ಲಿಗೆ ಬೆಳಕು ಯಾವ ಕಡೆಯಿಂದ ಬಂದ್ರೂ ತಲುಪುವುದಿಲ್ಲ.

ತ್ರೀಡಿ ಬಟ್ಟೆಯಾದ್ರೆ ದಾರಿ ಬೇರೆ. ಬ್ಲೆಂಡರಿನ ಕ್ಲಾತ್ ಸಿಮ್ಯುಲೇಶನ್ನಿನಲ್ಲಿ ಕಾಟನ್, ಡೆನಿಮ್, ಸಿಲ್ಕ್ ಅಂತ ರೆಡಿ ಸೆಟ್ಟಿಂಗ್ ಉಂಟು, ಅದರಲ್ಲಿ ಮಡಿಕೆ ತಾನೇ ಬೀಳ್ತದೆ, ಆ ದಪ್ಪ ಮಾಡೆಲಿನ ಉಬ್ಬು ತಗ್ಗನ್ನು ನಾರ್ಮಲ್ ಮ್ಯಾಪ್ ಅನ್ನುವ ಬಣ್ಣದ ಚಿತ್ರವಾಗಿ ಹಗುರ ಮಾಡೆಲಿಗೆ ಇಳಿಸಿದ್ರಾಯ್ತು, ಇದಕ್ಕೆ ಬೇಕ್ ಮಾಡುವುದು ಅಂತಾರೆ. ಅದರಲ್ಲಿ ಒಮ್ಮೆ ನನ್ನ ಮರ್ಯಾದೆ ಹೋಗಿದೆ. ಬ್ಲೆಂಡರ್ ಕೊಡುವುದು ಓಪನ್‌ಜಿಎಲ್ ರೀತಿಯ ಮ್ಯಾಪು, ಅನ್‌ರಿಯಲ್ ಎಂಜಿನ್ ಅನ್ನುವ ಗೇಮ್ ಕಟ್ಟುವ ಸಾಫ್ಟ್‌ವೇರ್ ಕೇಳುವುದು ಡೈರೆಕ್ಟ್‌ಎಕ್ಸ್ ರೀತಿ, ಮೇಲೆ ಕೆಳಗಿನ ಓರೆಯನ್ನು ಹೇಳುವ ಹಸಿರು ಚಾನೆಲ್ ಎರಡರಲ್ಲಿ ಒಂದಕ್ಕೊಂದು ತಲೆಕೆಳಗು. ಕೆಲಸ ಕೊಟ್ಟವರಿಗೆ ನಾನು ಹಾಗೇ ಕಳಿಸಿದೆ, ಅವರಲ್ಲಿ ಅಡ್ಡ ಮಡಿಕೆಯ ತಗ್ಗೆಲ್ಲ ಉಬ್ಬಾಗಿ, ಮೊಣಕೈ ಮೇಲೆ ಬಾಸುಂಡೆ ಎದ್ದ ಹಾಗೆ. ಫೋನ್ ಮಾಡಿದವರು ಮಲಯಾಳದವರು, ಮೊದಲಿನ ಸಲ "ಚುಳಿವ್ ಪೋರಾ", ಸುಕ್ಕು ಸಾಲದು ಅಂದವರೇ, ಈ ಸಲ ಬರೀ ನಕ್ಕರು. ಹಸಿರು ಚಾನೆಲ್ ಒಂದನ್ನು ಇನ್ವರ್ಟ್ ಮಾಡಿದ್ರೆ ಮುಗೀತು, ಎರಡು ನಿಮಿಷದ ಕೆಲಸ, ನಾನು ಹುಡುಕಿದ್ದು ಒಂದು ರಾತ್ರಿ.

ಇನ್ನೊಂದು, ಎಲ್ಲರೂ ಎದುರು ಭಾಗಕ್ಕೆ ಜೀವ ತೇಯ್ದು ಬೆನ್ನಿಗೆ ಬಣ್ಣ ಬಳಿದು ಬಿಡ್ತಾರೆ. ಆಡುವವನಿಗೆ ಕ್ಯಾಮೆರಾ ಇರುವುದು ಅವತಾರದ ಹಿಂದೆ, ಗಂಟೆಗಟ್ಟಲೆ ಅವನು ನೋಡುವುದು ಬೆನ್ನನ್ನೇ. ಈಗ ನನ್ನ ಕೈಯಲ್ಲಿರುವುದು ತೆಂಕುತಿಟ್ಟು ಯಕ್ಷಗಾನದ ಒಂದು ವೇಷ, ದಗಲೆಯ (ವೇಷದ ಅಂಗಿಯ) ಬಟ್ಟೆ ಡಾಬಿನ (ಸೊಂಟಪಟ್ಟಿಯ) ಅಡಿ ಹೇಗೆ ಒತ್ತಿ ಮಡಚ್ತದೆ ಅಂತ ನೋಡ್ಲಿಕ್ಕೆ ಯಕ್ಷಗಾನದ ಆಟ ಇದ್ದ ದಿನ ಚೌಕಿಗೆ, ಬಣ್ಣ ಹಚ್ಚುವ ಜಾಗಕ್ಕೆ, ಹೋಗಿದ್ದೆ. ರಾತ್ರಿ ಎರಡು ಗಂಟೆ, ವೇಷ ಕಟ್ಟಿ ಕೂತ ಕಲಾವಿದರ ಹಿಂದೆ ನಿಂತು ಬೆನ್ನಿನದ್ದೇ ಹತ್ತು ಹದಿನೈದು ಫೋಟೋ ತೆಗೆದೆ. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿ, "ಎಂತ ಮಾರಾಯ್ರೆ, ಮೂರು ಗಂಟೆ ಕೂತು ಬರೆದ ಮುಖ ಇಲ್ಲಿ ಉಂಟು, ನಿಮಗೆ ಬೇಡ್ವಾ?" ಅಂದ್ರು.