ಹೆರಾಯಿನ್‌ನ ದೀರ್ಘಕಾಲದ ಬಳಕೆ: ಯಾವ ಹಾನಿ ಎಲ್ಲಿಂದ ಬರುತ್ತದೆ?

ಹೆರಾಯಿನ್‌ನ ದುಷ್ಪರಿಣಾಮಗಳನ್ನು ಸಾಲಾಗಿ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿಯುವಷ್ಟರಲ್ಲಿ ಮರೆತುಹೋಗುತ್ತವೆ. ಅದರ ಬದಲು ಪ್ರತಿಯೊಂದು ಹಾನಿಯ ಮುಂದೆಯೂ ಒಂದು ಪ್ರಶ್ನೆ ಇಟ್ಟುಕೊಳ್ಳಿ: ಇದು ಹೆರಾಯಿನ್‌ನಿಂದಲೇ ಬಂತೇ, ಚುಚ್ಚಿದ ಸೂಜಿಯಿಂದ ಬಂತೇ, ಅಥವಾ ಕಲಬೆರಕೆಯಿಂದ ಬಂತೇ?

ಅಫೀಮಿನಿಂದ ಸಿಗುವ ನೋವುನಿವಾರಕ ಮಾರ್ಫಿನ್‌ಗೆ ಅಸಿಟೈಲ್ ಎಂಬ ಎರಡು ರಾಸಾಯನಿಕ ಗುಂಪುಗಳು ಸೇರಿದರೆ ಹೆರಾಯಿನ್. 1874ರಲ್ಲಿ ಲಂಡನ್ನಿನಲ್ಲಿ ಮೊದಲು ತಯಾರಾದ ಇದನ್ನು 1898ರಲ್ಲಿ ಬೇಯರ್ ಕಂಪನಿ ಕೆಮ್ಮಿನ ಔಷಧವೆಂದು ಮಾರುಕಟ್ಟೆಗೆ ತಂದಿತು. ಕೊಬ್ಬಿನಲ್ಲಿ ಚೆನ್ನಾಗಿ ಕರಗುವುದರಿಂದ ಇದು ಮಾರ್ಫಿನ್‌ಗಿಂತ ಬೇಗ ಮಿದುಳನ್ನು ಸೇರುತ್ತದೆ. ಅಲ್ಲಿ ಮತ್ತೆ ಮಾರ್ಫಿನ್ ಆಗಿ ಒಡೆದು, ನೋವು, ಸುಖ ಮತ್ತು ಉಸಿರಾಟವನ್ನು ನಿಯಂತ್ರಿಸುವ ಮ್ಯೂ ಗ್ರಾಹಕಗಳ (ನರಕೋಶಗಳಲ್ಲಿ ಔಷಧ ಬಂದು ಅಂಟುವ ತಾಣಗಳ) ಮೇಲೆ ಕೆಲಸ ಮಾಡುತ್ತದೆ.

ಈ ಪಾಠದ ತಿರುಳು ಒಗ್ಗಿಕೊಳ್ಳುವಿಕೆಯಲ್ಲಿದೆ. ದೇಹ ಹೆರಾಯಿನ್‌ಗೆ ಒಗ್ಗುತ್ತದೆ ಎಂದಷ್ಟೇ ಬರೆದುಕೊಂಡರೆ ಸಾಲದು, ಏಕೆಂದರೆ ಎಲ್ಲ ಅಂಗಗಳೂ ಸಮನಾಗಿ ಒಗ್ಗುವುದಿಲ್ಲ. ಸುಖದ ಅನುಭವ ಬೇಗ ಮಂಕಾಗುತ್ತದೆ. ಹಾಗಾಗಿ ಪ್ರಮಾಣ ಏರುತ್ತಲೇ ಹೋಗುತ್ತದೆ. ಉಸಿರಾಟದ ಕೇಂದ್ರ ಅಷ್ಟು ಬೇಗ ಒಗ್ಗುವುದಿಲ್ಲ. ಕರುಳು ಮತ್ತು ಕಣ್ಣಿನ ಪಾಪೆ ಬಹುತೇಕ ಒಗ್ಗುವುದೇ ಇಲ್ಲ. ಎಷ್ಟೋ ವರ್ಷಗಳಿಂದ ಬಳಸುವವರಲ್ಲೂ ಸೂಜಿಮೊನೆಯಷ್ಟಾದ ಪಾಪೆ ಮತ್ತು ತೀರದ ಮಲಬದ್ಧತೆ ಕಾಣುವುದು ಇದರಿಂದಲೇ. ಬೇಕೆನಿಸುವ ಪ್ರಮಾಣಕ್ಕೂ ಉಸಿರು ನಿಲ್ಲಿಸುವ ಪ್ರಮಾಣಕ್ಕೂ ನಡುವಿನ ಅಂತರ ವರ್ಷ ಕಳೆದಂತೆ ಕಿರಿದಾಗುತ್ತದೆ.

ಇನ್ನೊಂದು ಮಾತಿಗೆ ಅಡಿಗೆರೆ ಹಾಕಿಕೊಳ್ಳಿ. ಕೆಲವು ವಾರ ಬಿಟ್ಟರೆ ಒಗ್ಗಿದ್ದ ದೇಹ ಮತ್ತೆ ಹೊಸದಾಗುತ್ತದೆ. ಸೆರೆಮನೆಯಿಂದ ಅಥವಾ ವ್ಯಸನಮುಕ್ತಿ ಕೇಂದ್ರದಿಂದ ಹೊರಬಂದವರು ಹಳೆಯ ಪ್ರಮಾಣವನ್ನೇ ತೆಗೆದುಕೊಂಡಾಗ ಉಸಿರು ನಿಂತು ಸಾಯುತ್ತಾರೆ. ಬಿಡುಗಡೆಯಾದ ಮೊದಲ ಎರಡು ವಾರಗಳು ಅತ್ಯಂತ ಅಪಾಯಕಾರಿ. ಇವು ತಡೆಯಬಹುದಾದ ಸಾವುಗಳು ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. ನಾಲೋಕ್ಸೋನ್ ಎಂಬ ಔಷಧ ಕೆಲವೇ ನಿಮಿಷಗಳಲ್ಲಿ ಉಸಿರನ್ನು ಮರಳಿಸುತ್ತದೆ. ಆದರೆ ಅದರ ಪ್ರಭಾವ ಸುಮಾರು 30ರಿಂದ 90 ನಿಮಿಷ ಮಾತ್ರ. ಅಷ್ಟರಲ್ಲಿ ಆಸ್ಪತ್ರೆ ಸೇರದಿದ್ದರೆ ಉಸಿರು ಮತ್ತೆ ಕುಗ್ಗಬಹುದು. ಬದುಕುಳಿದವರಲ್ಲೂ ಆಮ್ಲಜನಕದ ಕೊರತೆಯಿಂದ ಮಿದುಳಿಗೆ ಶಾಶ್ವತ ಹಾನಿಯಾಗಿರಬಹುದು.

ನಿಲ್ಲಿಸಿದಾಗ ಆಗುವುದೇನು? ಹೆರಾಯಿನ್ ಅದುಮಿಟ್ಟಿದ್ದ ನಾರಡ್ರಿನಲಿನ್ ಎಂಬ, ದೇಹವನ್ನು ಎಚ್ಚರಿಸುವ ನರರಾಸಾಯನಿಕ ಒಮ್ಮೆಲೇ ಉಕ್ಕುತ್ತದೆ. ಕೊನೆಯ ಬಾರಿ ತೆಗೆದುಕೊಂಡ ಕೆಲವು ಗಂಟೆಗಳಲ್ಲೇ ಆಕಳಿಕೆ, ಕಣ್ಣುಮೂಗಿನಲ್ಲಿ ನೀರು, ಬೆವರು ಶುರುವಾಗುತ್ತವೆ. ಆಮೇಲೆ ಮೈನವಿರೇಳುತ್ತದೆ, ಪಾಪೆ ಅರಳುತ್ತದೆ, ಮೂಳೆಗಳೇ ನೋಯುತ್ತಿವೆ ಎನಿಸುತ್ತದೆ, ಕಾಲುಗಳು ತಾವಾಗಿ ಒದೆಯುತ್ತವೆ, ವಾಂತಿಭೇದಿಯಾಗುತ್ತದೆ. ಎರಡು ಮೂರು ದಿನಗಳಲ್ಲಿ ತುತ್ತತುದಿ ಮುಟ್ಟಿ, ಸುಮಾರು ವಾರದಲ್ಲಿ ಇಳಿಯುತ್ತದೆ. ನಿದ್ರಾಹೀನತೆ, ಖಿನ್ನತೆ, ಮತ್ತೆ ಬೇಕೆನ್ನುವ ತುಡಿತ ತಿಂಗಳುಗಟ್ಟಲೆ ಉಳಿಯುತ್ತವೆ. ಇದನ್ನು ಕಂಡ ಮೇಲೂ ಮನಸ್ಸು ಗಟ್ಟಿಯಿಲ್ಲ ಎಂದು ರೋಗಿಯನ್ನು ಹಳಿಯುವುದು ಅನ್ಯಾಯ.

ಸೂಜಿಯ ಲೆಕ್ಕ ಬೇರೆ. ಹಂಚಿಕೊಂಡ ಸಿರಿಂಜ್‌ನಿಂದ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಹರಡುತ್ತವೆ. ಚರ್ಮದ ಬ್ಯಾಕ್ಟೀರಿಯಾ ರಕ್ತನಾಳದ ಮೂಲಕ ನೇರ ಹೃದಯದ ಬಲಭಾಗ ಸೇರಿ, ಅಲ್ಲಿನ ತ್ರಿದಳ ಕವಾಟಕ್ಕೆ ಸೋಂಕು ತಗುಲಿಸುತ್ತದೆ. ರಕ್ತನಾಳಗಳು ಮುಚ್ಚಿಹೋಗುತ್ತವೆ, ಚುಚ್ಚಿದಲ್ಲಿ ಕೀವುಗಟ್ಟುತ್ತದೆ. ಕಲಬೆರಕೆಯ ಕರಗದ ಕಣಗಳು ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಹೆರಾಯಿನ್‌ಗಿಂತ ಬಹಳ ಪ್ರಬಲವಾದ, ಇದೇ ಬಗೆಯ ಕೃತಕ ಔಷಧ ಫೆಂಟನಿಲ್ ಬೆರೆತಿದ್ದರೆ ಅತ್ಯಲ್ಪ ಪ್ರಮಾಣವೂ ಕೊಲ್ಲುತ್ತದೆ.

ಹಾರ್ಮೋನುಗಳ ಏರುಪೇರು ಮತ್ತೆ ನೇರವಾಗಿ ಹೆರಾಯಿನ್‌ನದೇ ಕೆಲಸ: ಪುರುಷರಲ್ಲಿ ಟೆಸ್ಟೋಸ್ಟಿರಾನ್ ಕುಗ್ಗುತ್ತದೆ, ಮಹಿಳೆಯರಲ್ಲಿ ಮುಟ್ಟು ತಪ್ಪುತ್ತದೆ, ಮೂಳೆ ಸವೆಯುತ್ತದೆ.

ಚಿಕಿತ್ಸೆಯಲ್ಲಿ ಮೆಥಡೋನ್ ಮತ್ತು ಬ್ಯುಪ್ರಿನಾರ್ಫಿನ್ ಮುಖ್ಯ. ಇವೂ ಅದೇ ಗ್ರಾಹಕಗಳ ಮೇಲೆ, ಆದರೆ ನಿಧಾನವಾಗಿ, ದೀರ್ಘಕಾಲ ಕೆಲಸ ಮಾಡಿ ತುಡಿತವನ್ನೂ ಸಾವಿನ ಅಪಾಯವನ್ನೂ ತಗ್ಗಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಎರಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಗರ್ಭಿಣಿಯರಿಗೂ ಇವನ್ನೇ ಕೊಡುತ್ತಾರೆ. ಥಟ್ಟನೆ ನಿಲ್ಲಿಸಿದರೆ ತಾಯಿ ಮತ್ತೆ ಹೆರಾಯಿನ್‌ಗೆ ಮರಳುವ ಸಂಭವ ಹೆಚ್ಚು, ಭ್ರೂಣಕ್ಕೂ ಅಪಾಯ. ತಾಯಿಯಿಂದ ಬರುತ್ತಿದ್ದ ಔಷಧ ನಿಲ್ಲುವುದರಿಂದ ಹುಟ್ಟಿದ ಮಗುವಿನಲ್ಲಿ ನಡುಕ, ಎಡೆಬಿಡದ ಅಳು, ಹಾಲು ಕುಡಿಯಲು ತೊಂದರೆ ಕಾಣಬಹುದು, ಅದಕ್ಕೆ ಚಿಕಿತ್ಸೆಯಿದೆ.