ಹಿಂದಿನ ಆಕ್ಸಲ್‌ಗೆ ಎಷ್ಟು ಹಲ್ಲು?

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಎತ್ತರ ಬಾನೆಟ್ಟಿನ ಒಂದು ಸಿಜೆ-3ಬಿ ಜೀಪಿದೆ. ಗೊಬ್ಬರ, ಕಾಫಿ ಮೂಟೆ, ಮರದ ದಿಮ್ಮಿ, ಏನು ಹೇರಿದರೂ ಮುಖ ಸಿಂಡರಿಸಿದ್ದಲ್ಲ. ಒಂದು ಬೇಸಿಗೆಯಲ್ಲಿ ಹಿಂದಿನ ಆಕ್ಸಲ್ (ಎರಡು ಚಕ್ರಗಳನ್ನು ಕೂಡಿಸುವ ಅಚ್ಚು) ಗೊರಗೊರ ಅನ್ನತೊಡಗಿತು. ಗ್ಯಾರೇಜಿನವರು ಗುಜರಿಯಿಂದ ಇನ್ನೊಂದು ಆಕ್ಸಲ್ ತಂದು ಕೂರಿಸಿದರು. "ಜೀಪಿಂದೇ ಸಾರ್, ಬೋಲ್ಟಿಗೆ ಬೋಲ್ಟು ಕೂತ್ಕೊಳ್ತು" ಅಂದರು. ಗಾಡಿ ಮೊದಲಿಗಿಂತ ಹಗುರಾಗಿ ಓಡಿತು. ನಾವು ಖುಷಿಪಟ್ಟೆವು.

ಜೂನ್ ಬಂತು. ಕೆಸರಿನಲ್ಲಿ ಫೋರ್‌ವೀಲ್ ಹಾಕಿ, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಟ್ಟು, ತೋಟದ ಏರು ಹತ್ತಿದ್ದಾಯಿತು, ಏನೂ ತೊಂದರೆಯಿಲ್ಲ. ಲಿವರ್ ತೆಗೆಯುವುದು ಮರೆತು ಹಾಗೇ ಟಾರು ರಸ್ತೆಗೆ ಬಂದಾಗ ಗಾಡಿ ಯಾರೋ ಹಿಂದಿನಿಂದ ಹಿಡಿದೆಳೆದಂತೆ ತಿಣುಕಿತು. ಟೈರು ಕಿರುಗುಟ್ಟಿತು. ಲಿವರ್ ಎಳೆದರೆ ಜಪ್ಪಯ್ಯ ಅಂದರೂ ಬರಲಿಲ್ಲ. ಸ್ವಲ್ಪ ರಿವರ್ಸ್ ತೆಗೆದ ಮೇಲೆ ಟಪ್ ಎಂದು ಬಿಟ್ಟುಕೊಂಡಿತು.

ಇದಕ್ಕೆಲ್ಲ ಕಾರಣ ಹಲ್ಲಿನ ಲೆಕ್ಕ. ಆಕ್ಸಲ್ ನಡುವಿನ ಬುರುಡೆಯಲ್ಲಿ ಎಂಜಿನ್ ಕಡೆಯಿಂದ ಬಲ ತರುವ ಪ್ರೊಪೆಲ್ಲರ್ ಶಾಫ್ಟಿನ ತುದಿಯ ಸಣ್ಣ ಪಿನಿಯನ್ ಗೇರು ದೊಡ್ಡ ಕ್ರೌನ್ ಚಕ್ರವನ್ನು ತಿರುಗಿಸುತ್ತದೆ. ಸಿಜೆ-3ಬಿಯಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್‌ಗೆ 8. ಅಂದರೆ ಚಕ್ರ ಒಂದು ಸುತ್ತು ಬರಲು ಶಾಫ್ಟ್ ಸುಮಾರು 5.38 ಸುತ್ತು ತಿರುಗಬೇಕು. ಎರಡನೇ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪಿನಲ್ಲಿ ಇದು 39ಕ್ಕೆ 8, ಹತ್ತಿರಹತ್ತಿರ 4.88. ನಮಗೆ ಸಿಕ್ಕಿದ್ದು ಈ ಎರಡನೆಯ ಬಗೆಯದು. ಫೋರ್‌ವೀಲ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಹಾಗಾಗಿ ಹಿಂದಿನ ಚಕ್ರ 43 ಸುತ್ತು ಹಾಕಬೇಕೆಂದರೆ ಮುಂದಿನದಕ್ಕೆ 39 ಸುತ್ತಷ್ಟೇ ಸಿಗುತ್ತದೆ. ಕೆಸರಿನಲ್ಲಿ ಈ ವ್ಯತ್ಯಾಸವನ್ನು ಜಾರಿಕೆ ನುಂಗಿಹಾಕುತ್ತದೆ. ಟಾರಿನ ಮೇಲೆ ಜಾರಲು ಜಾಗವಿಲ್ಲದೆ ಆ ಸೆಣಸಾಟ ಶಾಫ್ಟು, ಗೇರುಗಳನ್ನೇ ತಿರುಚುತ್ತದೆ. (ಎರಡೂ ಆಕ್ಸಲ್ ಒಂದೇ ಆಗಿದ್ದರೂ ಈ ಜೀಪನ್ನು ಫೋರ್‌ವೀಲಿನಲ್ಲಿ ಟಾರಿನ ಮೇಲೆ ಓಡಿಸಬಾರದು, ತಿರುವಿನಲ್ಲಿ ಇದೇ ಜಗಳ, ಸಣ್ಣದಾಗಿ.) ಟೂವೀಲಿನಲ್ಲಿ ಮುಂದಿನ ಆಕ್ಸಲ್‌ಗೆ ಎಂಜಿನ್ನಿನ ಸಂಪರ್ಕವೇ ಇಲ್ಲದ್ದರಿಂದ ದೋಷ ವರ್ಷಗಟ್ಟಲೆ ಅಡಗಿ ಕೂರಬಲ್ಲದು.

ಆರ್‌ಸಿ ಪುಸ್ತಕ ನೋಡಿದರೆ ಇದು ತಿಳಿಯುವುದಿಲ್ಲ. ಅದರಲ್ಲಿ ಚಾಸಿ ನಂಬರ್ ಇರುತ್ತದೆಯೇ ಹೊರತು ಆಕ್ಸಲ್‌ನ ಜಾತಕ ಇರುವುದಿಲ್ಲ. ಡಾನಾ ಕಂಪನಿಯ ಆಕ್ಸಲ್‌ಗಳಲ್ಲಿ ಹಿಂಬದಿ ಮುಚ್ಚಳದ ಬೋಲ್ಟಿಗೆ ಹಲ್ಲಿನ ಲೆಕ್ಕ ಕೊರೆದ ತಗಡಿನ ಚೀಟಿ ಸಿಕ್ಕಿಸಿರುತ್ತಿದ್ದರು. ಐವತ್ತು ವರ್ಷದಲ್ಲಿ ನಾಲ್ಕು ಸಲ ಬಿಚ್ಚಿ ಹಾಕಿದ ಗಾಡಿಯಲ್ಲಿ ಅದು ಉಳಿದಿದ್ದರೆ ನಿಮ್ಮ ಅದೃಷ್ಟ.

ಹೊರನೋಟ ಅರ್ಧ ಸತ್ಯ ಹೇಳುತ್ತದೆ. ಹಿಂದಿನ ಚಕ್ರದ ನಡುವೆ ಆರು ಬೋಲ್ಟಿನ ಬಿಲ್ಲೆ ಕಂಡರೆ ಅದು ಫುಲ್ ಫ್ಲೋಟಿಂಗ್: ಗಾಡಿಯ ಭಾರವನ್ನು ಹೊರಗಿನ ಕೊಳವೆ ಹೊರುತ್ತದೆ, ಅದರೊಳಗೆ ಚಕ್ರಕ್ಕೆ ಹೋಗುವ ಶಾಫ್ಟಿಗೆ ತಿರುಗಿಸುವುದೊಂದೇ ಕೆಲಸ. ಶಾಫ್ಟ್ ಮುರಿದರೂ ಚಕ್ರ ಕಳಚದು. ಅದರ ಬದಲು ನಡುವೆ ಒಂದೇ ದೊಡ್ಡ ನಟ್ಟು, ಅದಕ್ಕೆ ಪಿನ್ನು ಇದ್ದರೆ ಸೆಮಿ ಫ್ಲೋಟಿಂಗ್. ಅಲ್ಲಿ ಭಾರವೂ ಶಾಫ್ಟಿನ ಮೇಲೆಯೇ. ಸಿಜೆ-3ಬಿಯದು ಎರಡನೆಯ ಬಗೆ, ಯುದ್ಧದ ಜೀಪಿನದು ಮೊದಲನೆಯದು. ಚಕ್ರದ ನಡುಭಾಗದ ಕಡೆ ಒಮ್ಮೆ ಬಗ್ಗಿ ನೋಡಿದ್ದರೆ ನಮಗೆ ಅಂದೇ ಅನುಮಾನ ಬರಬೇಕಿತ್ತು. ಆದರೂ ತೀರ್ಪು ಕೊಡುವಂತಿಲ್ಲ. ಯುದ್ಧ ಮುಗಿದ ಮೇಲೆ ಬಂದ ಮೊದಮೊದಲ ಸಿಜೆ-2ಎಗಳಲ್ಲಿ ಫುಲ್ ಫ್ಲೋಟಿಂಗ್ ಆಕ್ಸಲ್‌ಗೂ 5.38ರ ಹಲ್ಲೇ ಇತ್ತು.

ಉಳಿದದ್ದು ಎಣಿಕೆ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರು, ಬಲವನ್ನು ಮುಂದಿನ ಹಿಂದಿನ ಶಾಫ್ಟುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸು ಎರಡನ್ನೂ ನ್ಯೂಟ್ರಲ್ ಮಾಡಿ, ಹಿಂದಿನ ಒಂದೇ ಚಕ್ರವನ್ನು ಜಾಕಿನಿಂದ ಎತ್ತಿ. ಟೈರಿಗೂ ಶಾಫ್ಟಿಗೂ ಸೀಮೆಸುಣ್ಣದ ಗೆರೆ ಎಳೆಯಿರಿ. ನೆಲದ ಮೇಲಿನ ಚಕ್ರ ಅಲುಗದಿರುವುದರಿಂದ, ಎತ್ತಿದ ಚಕ್ರದ ಎರಡು ಸುತ್ತನ್ನು, ಎಡಬಲ ಚಕ್ರಗಳನ್ನು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಕ್ರೌನಿನ ಒಂದು ಸುತ್ತಾಗಿ ಮಾಡುತ್ತದೆ. ಎರಡೇ ಸುತ್ತಿಗೆ ನಿಲ್ಲಿಸಿದರೆ ಐದಕ್ಕೆ ಸ್ವಲ್ಪ ಹೆಚ್ಚೋ ಕಡಿಮೆಯೋ ಎಂಬ ಗೊಂದಲ ಉಳಿಯುತ್ತದೆ. ಇಪ್ಪತ್ತು ಸುತ್ತು ತಿರುಗಿಸಿ: ಶಾಫ್ಟ್ 54ರ ಹತ್ತಿರ ಬಂದರೆ 5.38, 49ರ ಹತ್ತಿರ ನಿಂತರೆ 4.88.

ಕಲ್ಲು ಕೊಡುವುದನ್ನು ಮಾತ್ರ ಮರೆಯಬೇಡಿ. ಈ ಜೀಪುಗಳ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟನ್ನು ಹಿಡಿಯುತ್ತದೆ. ಶಾಫ್ಟ್ ನಿಂತಿದ್ದರೂ ಎತ್ತಿದ ಚಕ್ರ ಹಿಮ್ಮುಖ ತಿರುಗಿದರೆ ನೆಲದ ಚಕ್ರ ಮುಮ್ಮುಖ ಉರುಳುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿದ ಗಾಡಿಯೇ ಜಾಕಿಯಿಂದ ಇಳಿದು ಹೊರಟೀತು! ಎಣಿಸುವಾಗ ಹ್ಯಾಂಡ್‌ಬ್ರೇಕನ್ನು ಹೇಗೂ ಬಿಟ್ಟಿರಬೇಕು.

40ಕ್ಕೆ 8 ಎಂಬ ಸರಾಗ ಲೆಕ್ಕ ಬಿಟ್ಟು 43, 39 ಎಂಬ ವಕ್ರ ಸಂಖ್ಯೆ ಯಾಕೆ? 40 ಇದ್ದರೆ ಪಿನಿಯನ್ನಿನ ಒಂದು ಹಲ್ಲು ಕ್ರೌನಿನ ಅದೇ ಐದು ಹಲ್ಲುಗಳನ್ನು ಜನ್ಮವಿಡೀ ಕಚ್ಚುತ್ತಿರುತ್ತದೆ. ಒಂದು ಹಲ್ಲಿಗೆ ಗಾಯವಾದರೆ ಆ ಐದಕ್ಕೂ ಅದರ ಪೆಟ್ಟು. 43 ಮತ್ತು 8ಕ್ಕೆ ಸಾಮಾನ್ಯ ಭಾಜಕವಿಲ್ಲ. ಹಾಗಾಗಿ ಪ್ರತಿ ಹಲ್ಲೂ ಎಲ್ಲ ಹಲ್ಲನ್ನೂ ಸರದಿಯಂತೆ ಭೇಟಿಯಾಗಿ, 344 ಕಚ್ಚುವಿಕೆಯ ನಂತರವೇ ಹಳೆಯ ಜೋಡಿ ಮತ್ತೆ ಕೂಡುತ್ತದೆ. ಸವೆತ ಸಮವಾಗುತ್ತದೆ.

ಬೇರೆ ಹಳೆಯ ಗಾಡಿಗಳಲ್ಲಿ ಆಕ್ಸಲ್‌ನ ಬಗೆ ಗುರುತಿಸಲು ಇಷ್ಟು ಪಾಡಿಲ್ಲ. ಅಂಬಾಸಿಡರ್ ಬುರುಡೆಯ ಹಿಂಬದಿ ನುಣುಪು. ಬೋಲ್ಟಿನ ಮುಚ್ಚಳವಿಲ್ಲ, ಒಳಗಿನ ಗೇರನ್ನು ಮುಂದಿನಿಂದ ಕಳಚುತ್ತಾರೆ. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಎರಡೂ ಕಡೆ ಬೇರೆಬೇರೆಯಾಗಿ ಅಲುಗುವ ಅರ್ಧ ಶಾಫ್ಟುಗಳಿದ್ದವು. ಅದೇ ಕಂಪನಿಯ 1972ರ ಗೆಜೆಲ್‌ನಲ್ಲಿ ಅದನ್ನು ಕೈಬಿಟ್ಟು ಒಂದೇ ಗಟ್ಟಿ ಆಕ್ಸಲ್ ಹಾಕಿದರು. ಕೆಳಗೆ ಇಣುಕಿದರೆ ಸಾಕು.

ನಮ್ಮ ಜೀಪನ್ನು ಎಣಿಸುವಾಗ ನಡುವೆ ಯಾರೋ ಬಂದು ಮಾತಾಡಿಸಿ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಬೇಕಾಯಿತು. ಹಿಂದೆ 49, ಮುಂದೆ 54. ನಮ್ಮ ಹಳೆಯ ಆಕ್ಸಲ್ ಅಷ್ಟರಲ್ಲಿ ಗುಜರಿಯಲ್ಲಿ ಕರಗಿಹೋಗಿತ್ತು. ಸದ್ಯ ಮುಂದಿನ ಪ್ರೊಪೆಲ್ಲರ್ ಶಾಫ್ಟ್ ಕಳಚಿ ಗೊಬ್ಬರದ ಶೆಡ್ಡಿನಲ್ಲಿಟ್ಟಿದ್ದೇವೆ, ಹಾಸನದ ಕಡೆಯ ಗುಜರಿಗಳಲ್ಲಿ 43–8ರ ಆಕ್ಸಲ್ ಹುಡುಕುತ್ತಿದ್ದೇವೆ. ಹೋಗುವಾಗ ಜೇಬಿನಲ್ಲಿ ಸೀಮೆಸುಣ್ಣ ಇರುತ್ತದೆ.