ಪೆನ್‌ಡ್ರೈವಿಗೆ ಸ್ಟೇ ಕೊಡುವವರಾರು?

2023ರ ಜೂನ್‌ನಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ 86 ಮಾಧ್ಯಮ ಸಂಸ್ಥೆಗಳ ಮತ್ತು ಮೂವರು ವ್ಯಕ್ತಿಗಳ ಬಾಯಿಗೆ ಬೀಗ ಹಾಕಿತು. ತಮ್ಮ ಬಗ್ಗೆ ಮಾನಹಾನಿಕರವಾದದ್ದನ್ನು ಪ್ರಕಟಿಸಬಾರದೆಂದು ಅಂದಿನ ಹಾಸನದ ಸಂಸದ ಪ್ರಜ್ವಲ್ ರೇವಣ್ಣ ತಂದಿದ್ದ ತಡೆಯಾಜ್ಞೆ ಅದು. 2024ರ ಏಪ್ರಿಲ್ 26ರ ಮತದಾನ ಹತ್ತಿರ ಬಂದಾಗ ಹಾಸನದ ಬಸ್ ನಿಲ್ದಾಣ, ಪಾರ್ಕುಗಳಲ್ಲಿ ಪೆನ್‌ಡ್ರೈವ್‌ಗಳು ಸಿಗತೊಡಗಿದವು. ಅವುಗಳೊಳಗಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳಲ್ಲಿ ಹೆಣ್ಣುಮಕ್ಕಳ ಮುಖವನ್ನು ಯಾರೂ ಮಸುಕು ಮಾಡಿರಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತು. ಎಸ್‌ಐಟಿ ತನಿಖೆಯಾಯಿತು, ಒಂದು ಅತ್ಯಾಚಾರ ಪ್ರಕರಣದಲ್ಲಿ 2025ರ ಆಗಸ್ಟ್ 1ರಂದು ವಿಶೇಷ ನ್ಯಾಯಾಲಯ ಪ್ರಜ್ವಲ್ ಅವರನ್ನು ದೋಷಿ ಎಂದಿತು, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ನನ್ನನ್ನು ಕಾಡುವುದು ಅದಕ್ಕೂ ಹಿಂದಿನ ಪ್ರಶ್ನೆ. ಆ ಆಜ್ಞೆ ಯಾರನ್ನು ಕಟ್ಟಿಹಾಕಿತು, ಯಾರನ್ನು ಬಿಟ್ಟಿತು? ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಅಪರಾಧ ಎಂಬುದು ಸಂಪಾದಕರಿಗೆ ಗೊತ್ತು. ಗೊತ್ತಿಲ್ಲದಿದ್ದರೂ ಅವರ ವಕೀಲರಿಗೆ ಗೊತ್ತಿರುತ್ತದೆ. ಅಂಥವರಿಗೆ ಆಜ್ಞೆ ತಲುಪಿತು. ವಿಳಾಸವಿಲ್ಲದ ಪೆನ್‌ಡ್ರೈವಿಗೆ ಯಾವ ಅಮೀನನೂ ನೋಟಿಸ್ ಜಾರಿ ಮಾಡಲಾರ.

ಇಂಥ ಆಜ್ಞೆಗಳ ಬೇರು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಲ್ಲಿದೆ. ಆಸ್ತಿ ವ್ಯಾಜ್ಯಗಳಲ್ಲಿ ದಿನನಿತ್ಯ ಬಳಕೆಯಾಗುವುದೂ ಇದೇ. ಸಕಲೇಶಪುರದ ಕಡೆ ಅಣ್ಣತಮ್ಮಂದಿರ ನಡುವೆ ತೋಟದ ಪಾಲಿನ ತಕರಾರು ಬಂದರೆ, ಕೇಸು ಮುಗಿಯುವವರೆಗೆ ಸಿಲ್ವರ್ ಓಕ್ ಕಡಿಯಬಾರದೆಂದು ಒಬ್ಬರು ಸ್ಟೇ ತರುತ್ತಾರೆ. ಅದು ಕೆಲಸ ಮಾಡುತ್ತದೆ, ಯಾಕೆಂದರೆ ಮರ ಇರುವುದು ಒಂದೇ ಕಡೆ, ಕಡಿಯುವವರು ಯಾರೆಂದೂ ಗೊತ್ತು. ಮಾತಿಗೆ ಈ ಎರಡೂ ಇಲ್ಲ. ಡಿಜಿಟಲ್ ಕಡತದಲ್ಲಿ ಮೂಲಕ್ಕೂ ನಕಲಿಗೂ ಒಂದು ಬಿಟ್‌ನಷ್ಟೂ ವ್ಯತ್ಯಾಸವಿರುವುದಿಲ್ಲ (ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಅಂಕೆ). ಒಂದನ್ನು ಅಳಿಸಿದರೆ ಇನ್ನೊಂದಕ್ಕೆ ಏನೂ ಆಗುವುದಿಲ್ಲ.

ಕೋರ್ಟುಗಳು ಇದಕ್ಕೆ ಕಂಡುಕೊಂಡ ಒಂದು ದಾರಿ, ಲಿಂಕುಗಳ ಪಟ್ಟಿ. 2025ರ ಜುಲೈನಲ್ಲಿ ಧರ್ಮಸ್ಥಳದ ವಿಷಯದಲ್ಲಿ ಬೆಂಗಳೂರಿನ ಸಿವಿಲ್ ನ್ಯಾಯಾಲಯ ಕೊಟ್ಟ ಆಜ್ಞೆಯಲ್ಲಿ 8,842 ಲಿಂಕುಗಳಿದ್ದವು. ಅದರಲ್ಲಿ 4,140 ಯೂಟ್ಯೂಬಿನವು, 3,584 ಇನ್‌ಸ್ಟಾಗ್ರಾಮಿನವು. ಲಿಂಕು ಎಂದರೆ ಬರೀ ವಿಳಾಸ, ಸರಕಲ್ಲ. ಯೂಟ್ಯೂಬ್ ಪ್ರತಿ ವಿಡಿಯೊಗೆ 11 ಅಕ್ಷರಗಳ ಗುರುತು ಕೊಡುತ್ತದೆ. ಅದಕ್ಕೆ ಬಳಸುವುದು 64 ಚಿಹ್ನೆಗಳನ್ನು. ಅದೇ ವಿಡಿಯೊವನ್ನು ಇಳಿಸಿಕೊಂಡು ಮತ್ತೆ ಏರಿಸಿದರೆ ಹೊಸ ಗುರುತು ಹುಟ್ಟುತ್ತದೆ, ಕೋರ್ಟಿನ ಪಟ್ಟಿ ಆ ಕ್ಷಣಕ್ಕೇ ಹಳತಾಗುತ್ತದೆ. ಒಂದು ಯೂಟ್ಯೂಬ್ ಚಾನೆಲ್ಲಿನ ಅರ್ಜಿಯ ಮೇಲೆ ಹೈಕೋರ್ಟ್ ಆ ಆಜ್ಞೆಯನ್ನು ರದ್ದುಮಾಡಿತು. ಅದೂ ಆಗಸ್ಟ್ 1ರಂದೇ, ಪ್ರಜ್ವಲ್ ತೀರ್ಪು ಬಂದ ದಿನ.

ಹೆಸರೇ ಗೊತ್ತಿಲ್ಲದವರ ಮೇಲೂ ಆಜ್ಞೆ ತರಬಹುದು. ನಮ್ಮ ದೇಶದಲ್ಲಿ ಅಂಥ ಅನಾಮಿಕ ಪ್ರತಿವಾದಿಗೆ ‘ಅಶೋಕ್ ಕುಮಾರ್’ ಎಂದು ಹೆಸರಿಡುವ ವಾಡಿಕೆಯಿದೆ. ನಿಜವಾದ ಅಶೋಕ್ ಕುಮಾರರು ಇದಕ್ಕೆ ಏನನ್ನುತ್ತಾರೋ! ಆದರೆ ಯಾರೆಂದೇ ಗೊತ್ತಿಲ್ಲದವರಿಗೆ ಆಜ್ಞೆ ತಲುಪಿಸುವುದಾದರೂ ಎಲ್ಲಿಗೆ?

ಇನ್ನು ವಾಟ್ಸ್‌ಆ್ಯಪ್. 2016ರಿಂದ ಅದರ ಸಂದೇಶಗಳು ಕಳಿಸಿದವರ ಫೋನಿನಲ್ಲೇ ಗೂಢಲಿಪಿಯಾಗಿ ಹೊರಟು ಪಡೆದವರ ಫೋನಿನಲ್ಲಷ್ಟೇ ಬಿಡಿಸಿಕೊಳ್ಳುತ್ತವೆ. ನಡುವಿನ ಸರ್ವರ್ ಕಂಪ್ಯೂಟರಿಗೆ ಒಳಗೇನಿದೆ ಎಂದು ಕಾಣುವುದಿಲ್ಲ. ಮಕ್ಕಳ ಕಳ್ಳರ ವದಂತಿಗೆ ಜನ ಬಲಿಯಾದ ಮೇಲೆ 2018ರಲ್ಲಿ ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಎಂಬ ಮಿತಿ ಬಂತು. ಐದು ಕಡಿಮೆ ಅನ್ನಿಸಬಹುದು, ಲೆಕ್ಕ ಹಾಕಿ ನೋಡಿ. ಪ್ರತಿಯೊಬ್ಬರೂ ಹೊಸ ಐವರಿಗೆ ಕಳಿಸಿದರೆ ಐದನೇ ಸುತ್ತಿಗೆ 3,125 ಜನ, ಒಂಬತ್ತನೇ ಸುತ್ತಿಗೆ 19,53,125. 2011ರ ಜನಗಣತಿಯಲ್ಲಿ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ! ನಿಜಜೀವನದಲ್ಲಿ ಒಬ್ಬರಿಗೇ ನಾಲ್ಕು ಕಡೆಯಿಂದ ಬರುತ್ತದೆ, ಇಷ್ಟು ಸಲೀಸಾಗಿ ಹರಡುವುದಿಲ್ಲ. ಆದರೆ ಒಂದು ಚಾಟ್ ಎಂದರೆ ನೂರಾರು ಜನರ ಗ್ರೂಪೂ ಆಗಬಹುದಲ್ಲ. 2020ರಲ್ಲಿ, ಹಲವು ಕೈ ದಾಟಿ ಬಂದದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದೆಂದು ಬಿಗಿ ಮಾಡಿದರು. ಪೆನ್‌ಡ್ರೈವಿಗೆ ಈ ಎಣಿಕೆಯೂ ಇಲ್ಲ.

ಹಾಗಾದರೆ ತಂತ್ರಜ್ಞಾನದಿಂದ ಏನೂ ಆಗದೇ? ಆಗುತ್ತದೆ, ಗುರಿ ಚಿಕ್ಕದಾಗಿದ್ದರೆ. ‘ಇಂಥವರ ಬಗ್ಗೆ ಯಾರೂ ಮಾತಾಡಬೇಡಿ’ ಎನ್ನುವುದನ್ನು ಕಂಪ್ಯೂಟರಿಗೆ ಕಲಿಸಲಾಗದು, ಮಾನಹಾನಿ ಯಾವುದು, ವರದಿ ಯಾವುದು ಎಂದು ಅದಕ್ಕೆ ತಿಳಿಯದು. ‘ಈ ಒಂದು ಚಿತ್ರ ಎಲ್ಲೂ ಬರಬಾರದು’ ಎಂದರೆ ಕಲಿಸಬಹುದು. ಅದಕ್ಕೆ ಬೇಕಾದ್ದು ಹ್ಯಾಶ್, ಅಂದರೆ ಕಡತದಿಂದ ಲೆಕ್ಕಹಾಕಿ ತೆಗೆದ ಸಂಖ್ಯೆ. ಶಾ-256 ಎಂಬ ಸಾಮಾನ್ಯ ಹ್ಯಾಶ್ ಇಲ್ಲಿ ನಡೆಯುವುದಿಲ್ಲ. ಚಿತ್ರದ ಒಂದೇ ಚುಕ್ಕಿಯ ಬಣ್ಣ ಚೂರು ಬದಲಾದರೂ ಅದರ 256 ಬಿಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧ ತಿರುಗಿಬೀಳುತ್ತವೆ. ಇಲ್ಲಿ ಬೇಕಿರುವುದು ಕಣ್ಣಿನ ಹಾಗೆ ನೋಡುವ ಹ್ಯಾಶ್.

ಅದರ ಸರಳ ರೂಪ ಹೀಗಿದೆ. ಚಿತ್ರದ ಬಣ್ಣ ತೆಗೆದು, ಕುಗ್ಗಿಸಿ ಕುಗ್ಗಿಸಿ ಅಡ್ಡಕ್ಕೆ 9, ಉದ್ದಕ್ಕೆ 8 ಚೌಕಗಳಿಗೆ ಇಳಿಸಿ. ಪ್ರತಿ ಸಾಲಿನಲ್ಲೂ ಎಡದ ಚೌಕ ಬಲದ್ದಕ್ಕಿಂತ ಬೆಳಗಿದ್ದರೆ 1, ಇಲ್ಲದಿದ್ದರೆ 0 ಎಂದು ಬರೆಯಿರಿ. ಸಾಲಿಗೆ 8ರಂತೆ 64 ಬಿಟ್ ಸಿಗುತ್ತದೆ. ಚಿತ್ರವನ್ನು ಯಾರೋ ಸಣ್ಣದು ಮಾಡಿದರೂ, ಗುಣಮಟ್ಟ ಇಳಿಸಿದರೂ, ಬೆಳಕು ಹೆಚ್ಚಿಸಿದರೂ ಅಕ್ಕಪಕ್ಕದ ಚೌಕಗಳ ಹೋಲಿಕೆ ಬಹುತೇಕ ಹಾಗೇ ಉಳಿಯುತ್ತದೆ. ಎರಡು ಹ್ಯಾಶ್‌ಗಳಲ್ಲಿ ನಾಲ್ಕಾರು ಬಿಟ್ ಮಾತ್ರ ಬೇರೆಯಿದ್ದರೆ ಅವು ಒಂದೇ ಚಿತ್ರದವು ಎಂದು ತಿಳಿಯಬಹುದು. ಇದಕ್ಕಿಂತ ಗಟ್ಟಿಯಾದ ಫೋಟೊ-ಡಿಎನ್‌ಎ ವಿಧಾನವನ್ನು 2009ರಲ್ಲಿ ಮೈಕ್ರೋಸಾಫ್ಟ್ ಮತ್ತು ವಿಜ್ಞಾನಿ ಹ್ಯಾನಿ ಫರೀದ್ ರೂಪಿಸಿದರು, ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ಹಿಡಿಯಲು.

2021ರ ಕೊನೆಯಲ್ಲಿ ಬ್ರಿಟನ್ನಿನಲ್ಲಿ ಶುರುವಾದ ‘ಸ್ಟಾಪ್‌ಎನ್‌ಸಿಐಐ’ ಸೇವೆ ಇದೇ ಉಪಾಯವನ್ನು ವಯಸ್ಕರ ಖಾಸಗಿ ಚಿತ್ರಗಳಿಗೆ ಬಳಸುತ್ತದೆ. ಹ್ಯಾಶ್ ತಯಾರಾಗುವುದು ಸಂತ್ರಸ್ತೆಯ ಫೋನಿನಲ್ಲೇ. ಚಿತ್ರ ಹೊರಗೆ ಹೋಗುವುದಿಲ್ಲ, ಸಂಖ್ಯೆ ಮಾತ್ರ ಒಪ್ಪಿಕೊಂಡ ಕಂಪನಿಗಳಿಗೆ ಹೋಗುತ್ತದೆ, ಅದಕ್ಕೆ ಹೊಂದುವ ಚಿತ್ರ ಬಂದರೆ ಅವು ತಡೆಯುತ್ತವೆ, ಆ ಸಂಖ್ಯೆಯಿಂದ ಚಿತ್ರವನ್ನು ಮರಳಿ ಕಟ್ಟಲಾಗದು. ವಕೀಲರ ಫೀಸಿಲ್ಲ, 86 ಪ್ರತಿವಾದಿಗಳಿಲ್ಲ, ಯಾರ ವರದಿಗೂ ಅಡ್ಡಿಯಿಲ್ಲ. ನಮ್ಮ 2021ರ ಐಟಿ ನಿಯಮಗಳೂ ಇಂಥ ಚಿತ್ರದ ಬಗ್ಗೆ ಸಂತ್ರಸ್ತರೇ ದೂರು ಕೊಟ್ಟರೆ 24 ಗಂಟೆಯೊಳಗೆ ತೆಗೆಯಲು ಕಂಪನಿಗಳಿಗೆ ಗಡುವು ಹಾಕಿದವು, ಕೋರ್ಟಿನ ಆಜ್ಞೆಗೆ ಕಾಯಬೇಕಿಲ್ಲ.

ಸುಳ್ಳಿಗೆ ಸಿಕ್ಕಿ ಮಾನ ಕಳೆದುಕೊಂಡವರು ಕೋರ್ಟಿಗೆ ಹೋಗಬಾರದು ಎಂದು ನಾನು ಹೇಳುತ್ತಿಲ್ಲ. ವಿಚಾರಣೆಯೇ ಆಗದೆ ಪ್ರಕಟಣೆಗೆ ತಡೆ ಕೊಡುವುದು ತೀರಾ ಅಪರೂಪವಾಗಿರಬೇಕೆಂದು 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್–ಜೀ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇಂಗ್ಲೆಂಡಿನ ನ್ಯಾಯಾಲಯ 1891ರಲ್ಲೇ ಆ ಮಾತು ಹೇಳಿತ್ತು. ಹ್ಯಾಶ್‌ಗೂ ಮಿತಿಯಿದೆ. ಒಪ್ಪಿಕೊಂಡ ಕಂಪನಿಗಳ ತಾಣಗಳಲ್ಲಷ್ಟೇ ಅದು ಚಿತ್ರವನ್ನು ತಡೆಯಬಲ್ಲದು, ಚಿತ್ರವನ್ನು ಬೇಕೆಂದೇ ತಿರುಚಿದರೆ ತಪ್ಪಿಸಿಕೊಳ್ಳಲೂಬಹುದು. ಮತ್ತೊಬ್ಬರ ಜೇಬಿನಲ್ಲಿರುವ ಪೆನ್‌ಡ್ರೈವಿಗೆ ಅದು ಏನೂ ಮಾಡಲಾರದು. ಅಲ್ಲಿ ಉಳಿಯುವುದು ಲೈಂಗಿಕ ದೃಶ್ಯಗಳನ್ನು ಎಲೆಕ್ಟ್ರಾನಿಕ್ ರೂಪದಲ್ಲಿ ಹರಡುವುದು ಅಪರಾಧ ಎನ್ನುವ ಐಟಿ ಕಾಯ್ದೆಯ 67ಎ ಕಲಮು ಮತ್ತು ಪೆನ್‌ಡ್ರೈವ್ ಹಂಚಿದವರನ್ನು ಹುಡುಕುವ ಪೊಲೀಸರು.